ಮನೆಯೊಳಗಿನ ವಿಜ್ಞಾನ: ಮೋಟಾರು ತಿರುಗುವ ಬಗೆ

ಕಳೆದ ಸಂಚಿಕೆಯಲ್ಲಿ ಫ್ಯೂಸು ತಂತಿಯ ವಿಚಾರ ಬರೆದಿದ್ದೆನಷ್ಟೆ. ಅದನ್ನು ಓದಿದ ಡೊಂಬಿವಲಿಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಪಂಖ ಸ್ವಿಚ್ಚು ಹಾಕಿದರೆ ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ. ರಿಪೇರಿಯವನು ಬಂದು, ನೆಲದ ಮೇಲೆ ನಿಂತೇ ಕತ್ತೆತ್ತಿ ನೋಡಿ, “ಕಾಯಿಲು ಸುಟ್ಟಿದೆ, ಬಿಚ್ಚಿ ಒಯ್ಯಬೇಕು” ಎಂದನಂತೆ. “ಇವನ ಮಾತನ್ನು ನಂಬಲೋ ಬಿಡಲೋ? ಎರಡಕ್ಕೂ ಆ ಡಬ್ಬಿಯೊಳಗೆ ಏನಿದೆ ಎಂಬುದೇ ನನಗೆ ಗೊತ್ತಿಲ್ಲವಲ್ಲ!” ಎಂದು ಅವರ ಅಳಲು.

ಅಳಲು ನ್ಯಾಯವಾದದ್ದೇ. ವೈದ್ಯರ ಬಳಿಗೆ ಹೋಗುವವನಿಗೆ ಎದೆ ಎಲ್ಲಿದೆ, ಹೊಟ್ಟೆ ಎಲ್ಲಿದೆ ಎಂಬಷ್ಟಾದರೂ ತಿಳಿದಿರುತ್ತದೆ. ಮೋಟಾರಿನ ವಿಷಯದಲ್ಲಿ ನಮಗೆ ಅಷ್ಟೂ ತಿಳಿದಿರುವುದಿಲ್ಲ. ಆದುದರಿಂದ ಈ ಸಲದ ಅಂಕಣವನ್ನು ಆಕೆಯ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ. ನಾನು ಇಂಜಿನಿಯರನಲ್ಲ, ಬಿ.ಎ. ಮಾಡಿ ಸರಕಾರಿ ಕಚೇರಿಯಲ್ಲಿ ಕಡತ ಸರಿಸುವ ಗುಮಾಸ್ತ. ಆದರೆ ಯಾವ ತೊಡಕಿನ ಕಡತವಾದರೂ ಮೊದಲ ಹಾಳೆಯಿಂದ ಓದುತ್ತ ಬಂದರೆ ತಾನಾಗಿ ಬಿಡಿಸಿಕೊಳ್ಳುತ್ತದೆಂಬುದು ನಮ್ಮ ವೃತ್ತಿಯ ಅನುಭವ. ಮೋಟಾರನ್ನೂ ಹಾಗೆಯೇ ಓದೋಣ.

ಮೊದಲು ಮನೆಯಲ್ಲಿ ಎಷ್ಟು ಮೋಟಾರುಗಳಿವೆಯೆಂದು ಎಣಿಸಿ ನೋಡಿ. ಎರಡು ಕೋಣೆಯ ಬಿಡಾರವೇ ಇರಲಿ: ತಲೆಯ ಮೇಲೆ ಪಂಖಗಳು, ಅಡಿಗೆಮನೆಯಲ್ಲಿ ಮಿಕ್ಸರು, ದೋಸೆಹಿಟ್ಟಿನ ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜಿನ ಬೆನ್ನ ಹಿಂದೆ ಒಂದು, ಕಟ್ಟಡದ ಕೆಳಗೆ ನೀರೆತ್ತುವ ಪಂಪು, ಲಿಫ್ಟು. ಸದ್ದು ಮಾಡದೆ ಮೊಬೈಲು ಫೋನು ನಡುಗುತ್ತದಲ್ಲ, ಅದರೊಳಗೂ ಕಡಲೆಕಾಳಿನಷ್ಟು ದೊಡ್ಡ ಮೋಟಾರೊಂದಿದೆ. ರೂಪ ಬೇರೆ, ಗಾತ್ರ ಬೇರೆ, ಕುಲ ಒಂದೇ.

ಈ ಕುಲದ ಮೂಲಪುರುಷನನ್ನು ಹುಡುಕುತ್ತ ಹೋದರೆ 1820ಕ್ಕೆ ಮುಟ್ಟುತ್ತೇವೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕರು ತಂತಿಯೊಂದರಲ್ಲಿ ವಿದ್ಯುತ್ತನ್ನು ಹರಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅತ್ತಿತ್ತ ಅಲುಗಿತು. ಮುಳ್ಳು ಅಲುಗಬೇಕಾದರೆ ಹತ್ತಿರದಲ್ಲಿ ಅಯಸ್ಕಾಂತವಿರಬೇಕು. ಅಂದಮೇಲೆ ವಿದ್ಯುತ್ತು ಹರಿಯುವ ತಂತಿಯೂ, ಹರಿಯುವಷ್ಟು ಹೊತ್ತು, ಒಂದು ಅಯಸ್ಕಾಂತವೇ ಎಂದಾಯಿತು. ಮರುವರ್ಷ, 1821ರಲ್ಲಿ, ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದು ಬಟ್ಟಲಿಗೆ ಪಾದರಸ ತುಂಬಿ, ನಡುವೆ ಅಯಸ್ಕಾಂತ ನಿಲ್ಲಿಸಿ, ಮೇಲಿನಿಂದ ತೂಗುಬಿಟ್ಟ ತಂತಿಯಲ್ಲಿ ವಿದ್ಯುತ್ತನ್ನು ಬಿಟ್ಟರು. ತಂತಿ ಅಯಸ್ಕಾಂತಕ್ಕೆ ಪ್ರದಕ್ಷಿಣೆ ಹಾಕತೊಡಗಿತು. ವಿದ್ಯುತ್ತಿನಿಂದ ಸುತ್ತಾಟ ಹುಟ್ಟಿದ್ದು ಅಲ್ಲಿ. ಈ ಫ್ಯಾರಡೆ ಕಮ್ಮಾರನೊಬ್ಬನ ಮಗ; ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಲೇ, ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿದ್ಯೆ ಸಂಪಾದಿಸಿದವರು.

ಎರಡು ಅಯಸ್ಕಾಂತಗಳ ಸ್ವಭಾವ ಮಕ್ಕಳಿಗೂ ಗೊತ್ತು: ಸಮಾನ ಧ್ರುವಗಳು ದೂಡುತ್ತವೆ, ಭಿನ್ನ ಧ್ರುವಗಳು ಸೆಳೆಯುತ್ತವೆ. ಮೋಟಾರೆಂದರೆ ಈ ದೂಡಾಟ-ಸೆಳೆದಾಟವನ್ನು ನಿಲ್ಲಗೊಡದಂತೆ ಮಾಡಿದ ಏರ್ಪಾಡು, ಇಷ್ಟೇ. ಆದರೆ ತೊಡಕೆಲ್ಲ ಇರುವುದು “ನಿಲ್ಲಗೊಡದಂತೆ” ಎಂಬ ಆ ಮಾತಿನಲ್ಲಿಯೇ. ಸೆಳೆದದ್ದು ಹತ್ತಿರ ಬಂದು ಅಂಟಿಕೊಂಡರೆ ಆಟ ಮುಗಿಯಿತಲ್ಲ!

ಇದನ್ನು ಕಣ್ಣಾರೆ ಕಾಣಲು ಶಾಲೆಗೆ ಹೋಗುವ ಮಕ್ಕಳಿಗೊಂದು ಪ್ರಯೋಗ ಹೇಳುತ್ತೇನೆ. ಮೋಟಾರು ಸುತ್ತುವ ಅಂಗಡಿಯಲ್ಲಿ ಎನಾಮಲು ಬಳಿದ ತಾಮ್ರದ ತಂತಿ ಕೊಡುತ್ತಾರೆ. ಅದನ್ನು ದಪ್ಪ ಸೆಲ್ಲಿನ ಸುತ್ತ ಹತ್ತು ಸುತ್ತು ಸುತ್ತಿ ತೆಗೆದರೆ ಬಳೆಯಂಥ ಸುರುಳಿಯಾಗುತ್ತದೆ. ಎರಡು ತುದಿಗಳನ್ನು ಎದುರುಬದುರಾಗಿ, ಗಾಡಿಯ ಅಚ್ಚಿನಂತೆ, ನೆಟ್ಟಗೆ ಹೊರಗೆ ಬಿಡಬೇಕು. ಒಂದೂವರೆ ವೋಲ್ಟಿನ ಸೆಲ್ಲನ್ನು ಅಡ್ಡಲಾಗಿ ಮಲಗಿಸಿ, ಅದರ ಎರಡು ತುದಿಗೂ ಒಂದೊಂದು ಸೇಫ್ಟಿ ಪಿನ್ನನ್ನು ಅಂಟುಪಟ್ಟಿಯಿಂದ ಬಿಗಿದು, ಪಿನ್ನಿನ ಕಣ್ಣುಗಳಲ್ಲಿ ಸುರುಳಿಯ ಅಚ್ಚನ್ನು ಕೂರಿಸಿ. ಸುರುಳಿಯ ಕೆಳಗೆ, ಸೆಲ್ಲಿನ ಬೆನ್ನ ಮೇಲೆ, ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತದ ಒಂದು ತುಂಡು. ಈಗ ಮುಖ್ಯ ಮಾತು: ಅಚ್ಚಿನ ಒಂದು ತುದಿಯ ಎನಾಮಲನ್ನು ಸುತ್ತಲೂ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಅರ್ಧ ಮೈಯನ್ನು ಮಾತ್ರ ಕೆರೆದು ಉಳಿದರ್ಧವನ್ನು ಹಾಗೆಯೇ ಬಿಡಬೇಕು. ಬೆರಳಿನಿಂದ ಮೆಲ್ಲನೆ ತಳ್ಳಿದರೆ ಸುರುಳಿ ಗಿರ್ರನೆ ತಿರುಗತೊಡಗುತ್ತದೆ. ತಿರುಗದೆ ನಿಂತರೆ ಕೂಡಲೇ ಸೆಲ್ಲನ್ನು ಬಿಡಿಸಿಬಿಡಿ, ತಂತಿ ಕಾಯುತ್ತದೆ.

ಅರ್ಧವನ್ನೇಕೆ ಕೆರೆಯದೆ ಬಿಟ್ಟೆವು? ಸುರುಳಿ ಅರ್ಧ ಸುತ್ತು ಬಂದಾಗ ಅಯಸ್ಕಾಂತ ಅದನ್ನು ಹಿಂದಕ್ಕೆ ಎಳೆಯಬೇಕು. ಸರಿಯಾಗಿ ಆ ಹೊತ್ತಿಗೆ ಎನಾಮಲು ಅಡ್ಡ ಬಂದು ವಿದ್ಯುತ್ತು ಕಡಿದುಹೋಗುತ್ತದೆ. ಸುರುಳಿ ಬಂದ ವೇಗದಲ್ಲೇ ಮುಂದೆ ಸಾಗಿ, ಮತ್ತೆ ಕೆರೆದ ಮೈ ತಾಗಿದೊಡನೆ ಇನ್ನೊಂದು ಸೆಳೆತ ಪಡೆಯುತ್ತದೆ. ಉಯ್ಯಾಲೆ ತೂಗುವವರು ದಾರ ಹಿಡಿದೇ ಇರುವುದಿಲ್ಲ. ಹೊತ್ತು ನೋಡಿ ಎಳೆದು, ಹೊತ್ತು ನೋಡಿ ಬಿಡುತ್ತಾರೆ. ಹಾಗೆಯೇ ಇದೂ.

ಇದನ್ನೇ ಅಚ್ಚುಕಟ್ಟಾಗಿ ಮಾಡಿದರೆ ಮಿಕ್ಸರಿನ ಮೋಟಾರು. ಅದರಲ್ಲಿ ಹೊರಗೆ ಕದಲದೆ ನಿಂತ ಎರಡು ತಂತಿಸುತ್ತುಗಳಿವೆ; ಸೆಲ್ಲಿನ ಮೇಲಿಟ್ಟ ಅಯಸ್ಕಾಂತದ ಕೆಲಸ ಇವುಗಳದು. ನಡುವೆ ತಿರುಗುವ ಭಾಗಕ್ಕೆ ಆರ್ಮೇಚರು ಎಂದು ಹೆಸರು. ಒಂದು ಸುರುಳಿಯ ಬದಲು ಅದರ ಮೈಯ ಗಾಡಿಗಳಲ್ಲಿ ಅನೇಕ ಸುರುಳಿಗಳನ್ನು ಕೂರಿಸಿರುತ್ತಾರೆ. ಆರ್ಮೇಚರಿನ ಕುತ್ತಿಗೆಯಲ್ಲಿ ತಾಮ್ರದ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿದ ಬಳೆಯೊಂದಿದೆ, ಅದು ಕಮ್ಯುಟೇಟರು. ಅರ್ಧ ಕೆರೆದ ತುದಿಯ ಕೆಲಸವನ್ನು ಇದು ಮಾಡುತ್ತದೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ವಿದ್ಯುತ್ತನ್ನು ಬರಿದೆ ಕಡಿಯದೆ ತಕ್ಕ ಹೊತ್ತಿನಲ್ಲಿ ಅದರ ದಿಕ್ಕನ್ನೇ ತಿರುಗಿಸಿಬಿಡುತ್ತದೆ. ಹೀಗೆ ತಿರುಗುವ ಬಳೆಗೆ ನಿಂತ ತಂತಿಯಿಂದ ವಿದ್ಯುತ್ತನ್ನು ಒಯ್ದು ಮುಟ್ಟಿಸಲು ಎರಡು ಕಡೆಯೂ ಬಳಪದ ಚೂರಿನಂಥ ಕಪ್ಪು ತುಂಡುಗಳು ಸ್ಪ್ರಿಂಗಿನ ಒತ್ತಡದಿಂದ ಉಜ್ಜಿಕೊಂಡಿರುತ್ತವೆ. ಇವೇ ಕಾರ್ಬನ್ ಬ್ರಶ್ಶುಗಳು. ತಾಮ್ರ ಸವೆಯಬಾರದೆಂದು ತಾವು ಸವೆಯುವುದು ಇವುಗಳ ಧರ್ಮ. ಮಿಕ್ಸರು ಬಿಟ್ಟುಬಿಟ್ಟು ನಡೆದರೆ, ಕೆಳಗಿನ ಕಿಂಡಿಯಲ್ಲಿ ಕಿಡಿ ಹೆಚ್ಚು ಕಂಡರೆ ಮೊದಲು ಅನುಮಾನಿಸಬೇಕಾದುದು ಈ ಬ್ರಶ್ಶನ್ನೇ. ಮಿಕ್ಸರಿನ ಭಾಗಗಳಲ್ಲೆಲ್ಲ ಅಗ್ಗವಾದದ್ದರಲ್ಲಿ ಅದೂ ಒಂದು.

ಇಲ್ಲಿ ಜಾಣ ವಾಚಕರು ಒಂದು ಆಕ್ಷೇಪವೆತ್ತಬಹುದು. ಸೆಲ್ಲಿನ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ಮನೆಗೆ ಬರುವುದಾದರೋ ಸೆಕೆಂಡಿಗೆ 50 ಆವರ್ತನೆ ಹಿಂದುಮುಂದಾಗುವ ಪರ್ಯಾಯ ವಿದ್ಯುತ್ತು. ಅದರಿಂದ ಮಿಕ್ಸರು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತಿಣುಕಬೇಡವೇ? ಬೇಡ. ಹೊರಗಿನ ಸುತ್ತೂ ಒಳಗಿನ ಸುರುಳಿಯೂ ಒಂದೇ ಸರದಲ್ಲಿ ಪೋಣಿಸಿದವು. ದಿಕ್ಕು ಬದಲಾದರೆ ಎರಡರದೂ ಒಟ್ಟಿಗೆ ಬದಲಾಗುತ್ತದೆ. ವಾದಿ ಪ್ರತಿವಾದಿ ಇಬ್ಬರೂ ಒಂದೇ ಗಳಿಗೆಯಲ್ಲಿ ಪಕ್ಷ ಬದಲಿಸಿದರೆ ಮೊಕದ್ದಮೆ ಹಾಗೆಯೇ ಉಳಿಯುವುದಿಲ್ಲವೇ?

ಪಂಖದ ಮೋಟಾರು ಬೇರೆ ಜಾತಿಯದು. ಅದರಲ್ಲಿ ಬ್ರಶ್ಶೂ ಇಲ್ಲ, ಕಮ್ಯುಟೇಟರೂ ಇಲ್ಲ. ಇನ್ನೂ ಸೋಜಿಗವೆಂದರೆ ತಿರುಗುವ ಭಾಗಕ್ಕೆ ಯಾವ ತಂತಿಯೂ ಹೋಗಿಲ್ಲ. ಮುಟ್ಟದೆ, ಹಿಡಿಯದೆ, ತಂತಿ ಎಳೆಯದೆ ಅದನ್ನು ತಿರುಗಿಸುವುದು ಹೇಗೆ?

1824ರಲ್ಲಿ ಫ್ರಾನ್ಸಿನ ಅರಾಗೋ ಎಂಬ ವಿಜ್ಞಾನಿ ಒಂದು ಚಮತ್ಕಾರ ಕಂಡರು. ತಾಮ್ರದ ತಟ್ಟೆಯನ್ನು ತಿರುಗಿಸಿದರೆ, ಅದರ ಮೇಲೆ ತೂಗುತ್ತಿದ್ದ ಅಯಸ್ಕಾಂತದ ಮುಳ್ಳೂ ಹಿಂದೆಯೇ ತಿರುಗುತ್ತಿತ್ತು. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವೇ ಅಲ್ಲ! ಇದರ ಮರ್ಮವನ್ನು ತೋರಿಸಿಕೊಟ್ಟುದು 1831ರಲ್ಲಿ ಅದೇ ಫ್ಯಾರಡೆ ಮಾಡಿದ ಆವಿಷ್ಕಾರ. ಲೋಹವೂ ಅಯಸ್ಕಾಂತವೂ ಒಂದರೆದುರು ಒಂದು ಚಲಿಸಿದಾಗ ಲೋಹದಲ್ಲಿ ತಾನಾಗಿಯೇ ವಿದ್ಯುತ್ತು ಹುಟ್ಟುತ್ತದೆ. ಹುಟ್ಟಿದ ವಿದ್ಯುತ್ತು ಲೋಹವನ್ನೂ ಅಯಸ್ಕಾಂತವಾಗಿಸುತ್ತದೆ. ಆಗ ಒಂದರ ಹಿಂದೆ ಒಂದು ಎಳೆದುಕೊಂಡು ಹೋಗುತ್ತದೆ. ಅಂದಮೇಲೆ ಅಯಸ್ಕಾಂತವನ್ನು ಸುತ್ತಿಸಿದರೆ ಲೋಹ ಹಿಂಬಾಲಿಸಬೇಕು. ಅಯಸ್ಕಾಂತವನ್ನು ಕೈಯಿಂದ ಸುತ್ತಿಸುವ ಬದಲು, ಕದಲದೆ ನಿಂತ ತಂತಿಸುತ್ತುಗಳಲ್ಲಿ ಪರ್ಯಾಯ ವಿದ್ಯುತ್ತನ್ನು ಒಂದರ ಹಿಂದೊಂದು ಸರದಿಯಂತೆ ಬಿಟ್ಟರೆ ಅಯಸ್ಕಾಂತದ ಸೆಳೆತ ತಾನೇ ಸುತ್ತುತ್ತದೆಂದು ಇಟಲಿಯ ಗೆಲಿಲಿಯೋ ಫೆರಾರಿಸ್ ಅವರೂ ಅಮೆರಿಕದಲ್ಲಿ ನೆಲಸಿದ್ದ ನಿಕೋಲಾ ಟೆಸ್ಲಾ ಅವರೂ ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡು, ಇಬ್ಬರೂ 1888ರಲ್ಲಿ ಪ್ರಕಟಿಸಿದರು. ಸುತ್ತುವ ಸೆಳೆತ, ಹಿಂಬಾಲಿಸುವ ಲೋಹ: ಇದೇ ಇಂಡಕ್ಷನ್ ಮೋಟಾರು.

ಈಗ ನಿಮ್ಮ ಪಂಖವನ್ನು ನೋಡಿ. ಸೂರಿನಿಂದ ಇಳಿದ ಸಲಾಕೆಗೆ ಬಿಗಿದುಕೊಂಡು ನಡುವೆ ಕದಲದೆ ನಿಂತಿರುವುದು ಸ್ಟೇಟರು. ಅದು ತೆಳ್ಳನೆಯ ಉಕ್ಕಿನ ಹಾಳೆಗಳನ್ನು ಕಡತದಂತೆ ಒಂದರ ಮೇಲೊಂದು ಪೇರಿಸಿ ಮಾಡಿದ ಚಕ್ರ. ಅದರ ಗಾಡಿಗಳಲ್ಲಿ ಎನಾಮಲು ಬಳಿದ ತಾಮ್ರದ ತಂತಿಯ ಸುತ್ತುಗಳು. ರಿಪೇರಿಯವರು ಕಾಯಿಲೆನ್ನುವುದು, ವೈಂಡಿಂಗೆನ್ನುವುದು ಇದನ್ನೇ. ಇದರ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ಉಂಗುರದಂತೆ ಬಂದಿರುವುದು ರೋಟರು. ಅದೂ ಉಕ್ಕಿನ ಹಾಳೆಗಳದೇ. ಅವುಗಳ ನಡುವೆ ಅಲ್ಯೂಮಿನಿಯಮ್ಮಿನ ಸರಳುಗಳನ್ನು ಎರಕ ಹೊಯ್ದು ಎರಡು ತುದಿಯಲ್ಲೂ ಬೆಸೆದಿರುತ್ತಾರೆ. ಉಕ್ಕನ್ನು ಬಿಡಿಸಿ ಸರಳುಗಳನ್ನಷ್ಟೇ ನೋಡಿದರೆ ಪಂಜರದಂತೆ ಕಾಣುವುದರಿಂದ ಇದಕ್ಕೆ ಅಳಿಲುಪಂಜರದ ರೋಟರೆಂದು ಹೆಸರು ಬಿದ್ದಿದೆ. ಬೇರೆ ಮೋಟಾರುಗಳಲ್ಲಿ ಒಳಗಿನದು ತಿರುಗಿ ಹೊರಗಿನದು ನಿಂತರೆ, ಸೂರಿನ ಪಂಖದಲ್ಲಿ ಒಳಗಿನದು ನಿಂತು ಹೊರಗಿನ ಡಬ್ಬಿಯೇ ರೆಕ್ಕೆಗಳ ಸಮೇತ ತಿರುಗುತ್ತದೆ. ನಿಂತದ್ದಕ್ಕೂ ತಿರುಗುವುದಕ್ಕೂ ನಡುವೆ ಮೇಲೊಂದು ಕೆಳಗೊಂದು ಬೇರಿಂಗು, ಅಂದರೆ ಉಕ್ಕಿನ ಗುಂಡುಗಳ ಬಳೆ. ಸಂದು ಕೆಡದಂತೆ ನೋಡಿಕೊಳ್ಳುವುದು ಅವುಗಳ ಕೆಲಸ.

ಇನ್ನುಳಿದದ್ದು ಕೆಪ್ಯಾಸಿಟರು, ಪೇಟೆಯಲ್ಲಿ ಕಂಡೆನ್ಸರೆಂದರೂ ಕೊಡುತ್ತಾರೆ. ಸಲಾಕೆಯ ಬಟ್ಟಲಿನೊಳಗೆ ಅಡಗಿರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಈ ಅಳತೆಯ ಹೆಸರು ಫ್ಯಾರಡೆ ಅವರ ನೆನಪಿನದೇ. ಇದೇಕೆ ಬೇಕು? ನಮ್ಮ ಅಜ್ಜಿಯಂದಿರ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ನಿಂತ ಕಲ್ಲಿನ ಗೂಟ ಹಿಡಿದು ನೆಟ್ಟಗೆ ಎದೆಯ ಕಡೆಗೆ ಎಳೆದು ನೆಟ್ಟಗೆ ದೂಡಿದರೆ ಕಲ್ಲು ತಿರುಗುವುದಿಲ್ಲ. ಬದಿಗೆ ಒಂದಿಷ್ಟು ಕೈ ಹೊರಳಿಸಲೇಬೇಕು. ಒಮ್ಮೆ ತಿರುಗಿ ವೇಗ ಕಂಡಮೇಲೆ ಬರಿಯ ಎಳೆತ-ದೂಡಿಕೆಗೂ ಕಲ್ಲು ಓಡುತ್ತಿರುತ್ತದೆ. ಮನೆಗೆ ಬರುವ ಒಂದು ಫೇಸಿನ ವಿದ್ಯುತ್ತು ಮಾಡುವುದು ಈ ನೆಟ್ಟಗಿನ ಎಳೆತ-ದೂಡಿಕೆಯನ್ನು ಮಾತ್ರ. ಬದಿಗೆ ಹೊರಳಿಸುವ ಕೈಯಾಗಿ ಪಂಖದಲ್ಲಿ ಇನ್ನೊಂದು ವೈಂಡಿಂಗನ್ನು ಇಟ್ಟಿದ್ದಾರೆ. ಎರಡರ ಹೊತ್ತೂ ಒಂದೇ ಆಗದಂತೆ, ಒಂದರ ಸೆಳೆತ ಇನ್ನೊಂದಕ್ಕಿಂತ ಮುಂಚೆ ಬರುವಂತೆ ಮಾಡುವುದೇ ಕೆಪ್ಯಾಸಿಟರು. ಅದು ಸತ್ತರೆ ಹೊರಳಿಸುವ ಕೈ ಹೋಯಿತು. ಸ್ಟೇಟರು ಎಳೆಯುತ್ತದೆ, ದೂಡುತ್ತದೆ, ಗುಂಯ್‌ಗುಡುತ್ತದೆ. ಪಂಖ ಮಾತ್ರ ಹೊರಡದು.

ಹಿಂಬಾಲಿಸುವ ರೋಟರಿನ ಬಗೆಗೆ ಇನ್ನೊಂದು ಮಾತು. ಅದು ಸುತ್ತುವ ಸೆಳೆತವನ್ನು ಎಂದಿಗೂ ಹಿಡಿಯಲಾರದು; ಹಿಡಿದರೆ ಕೆಲಸವೇ ನಿಲ್ಲುತ್ತದೆ. ಇಬ್ಬರೂ ಒಂದೇ ವೇಗದಲ್ಲಿ ಹೋದರೆ ಒಬ್ಬರೆದುರು ಇನ್ನೊಬ್ಬರು ಚಲಿಸಿದಂತಾಗಲಿಲ್ಲ, ಚಲನೆಯಿಲ್ಲದೆ ವಿದ್ಯುತ್ತು ಹುಟ್ಟದು, ವಿದ್ಯುತ್ತಿಲ್ಲದೆ ಬಲವಿಲ್ಲ. ಆದುದರಿಂದ ರೋಟರು ಯಾವಾಗಲೂ ಒಂದಿಷ್ಟು ಹಿಂದೆಯೇ. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಸೆಳೆತ ನಿಮಿಷಕ್ಕೆ 1500 ಸುತ್ತು ಬಂದರೆ ಮೋಟಾರಿನ ಫಲಕದ ಮೇಲೆ 1440 ಎಂದೋ ಅದರ ಆಸುಪಾಸಿನ ಅಂಕಿಯೋ ಬರೆದಿರುತ್ತದೆ. ಎರಡು ಧ್ರುವಗಳದಾದರೆ 3000ಕ್ಕೆ ಬದಲು 2850, 2880. ನಿಮ್ಮ ಕಟ್ಟಡದ ಪಂಪಿನ ಫಲಕವನ್ನು ಓದಿ ನೋಡಿ. ನಮ್ಮ 50 ಆವರ್ತನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಇಂಡಕ್ಷನ್ ಮೋಟಾರು 3000ವನ್ನು ಮೀರಲಾರದು. ಚಟ್ನಿಪುಡಿ ನುಣ್ಣಗಾಗಬೇಕಾದರೆ ಅದು ಸಾಲದು. ಆದ್ದರಿಂದಲೇ ಬರಿದೆ ಓಡುವಾಗ 18,000ದಿಂದ 20,000 ಸುತ್ತು ತಿರುಗುವ ಬ್ರಶ್ಶಿನ ಮೋಟಾರು ಮಿಕ್ಸರಿಗೆ. ನಿಧಾನವಾಗಿ ಗಂಟೆಗಟ್ಟಲೆ ದುಡಿಯುವ ಇಂಡಕ್ಷನ್ ಮೋಟಾರು ಗ್ರೈಂಡರಿಗೆ. ಒಂದು ಕಿರಿಚುತ್ತದೆ, ಇನ್ನೊಂದು ಗುನುಗುತ್ತದೆ. ಕಾರಣ ಈಗ ತಿಳಿಯಿತಲ್ಲ.

ಮೋಟಾರು ನಮ್ಮ ನಾಡಿಗೆ ಬಂದ ಬಗೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಓಡಿದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ, ಅಲ್ಲಿನ ಯಂತ್ರಗಳನ್ನು ನಡೆಸಲು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ನಾವು ನೆಲಸಿರುವ ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು ಅಂದಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾವರೆಗೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಆಗಿನದು 1500 ವೋಲ್ಟಿನ ನೇರ ವಿದ್ಯುತ್ತು, ಬ್ರಶ್ಶಿನ ಮೋಟಾರುಗಳು. 2016ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗವೂ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾಯಿತು. ಈಗಿನ ಹೊಸ ಲೋಕಲು ಗಾಡಿಗಳನ್ನು ಎಳೆಯುವುದು ಬ್ರಶ್ಶಿಲ್ಲದ, ಮೂರು ಫೇಸಿನ ಇಂಡಕ್ಷನ್ ಮೋಟಾರುಗಳು: ನಮ್ಮ ಪಂಖದ ದೊಡ್ಡಣ್ಣಂದಿರು.

ಈ ಗಾಡಿಗಳದೊಂದು ಗುಣವಿದೆ. ನಿಲ್ದಾಣ ಹತ್ತಿರವಾಗಿ ಬ್ರೇಕು ಹಾಕಿದಾಗ ಅದೇ ಮೋಟಾರುಗಳು ವಿದ್ಯುತ್ತನ್ನು ಹುಟ್ಟಿಸಿ ಮೇಲಿನ ತಂತಿಗೆ ಹಿಂದಿರುಗಿಸುತ್ತವೆ. ವಿದ್ಯುತ್ತು ಕೊಟ್ಟರೆ ತಿರುಗುವ ಯಂತ್ರವೂ, ತಿರುಗಿಸಿದರೆ ವಿದ್ಯುತ್ತು ಕೊಡುವ ಯಂತ್ರವೂ ಮೂಲತಃ ಒಂದೇ. ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಡೀ ಅಂಕಣದ ಸಾರ ಇದರಲ್ಲಿದೆ.

ಯಾಕೆಂದರೆ ಮೋಟಾರು ತಿರುಗುವಾಗ ತಾನೂ ಒಂದಿಷ್ಟು ವಿದ್ಯುತ್ತಿನ ಒತ್ತಡವನ್ನು ಹುಟ್ಟಿಸುತ್ತಲೇ ಇರುತ್ತದೆ, ಹೊರಗಿನಿಂದ ಬರುವುದಕ್ಕೆ ಎದುರಾಗಿ. ಈ ಎದುರೊತ್ತಡ ಬಾಗಿಲಲ್ಲಿ ನಿಂತ ಕಾವಲುಗಾರನಿದ್ದಂತೆ. ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಕೆಲಸದ ಭಾರ ಹೆಚ್ಚಿದರೆ ವೇಗ ತುಸು ತಗ್ಗಿ ಎದುರೊತ್ತಡವೂ ತಗ್ಗುತ್ತದೆ. ಹೆಚ್ಚು ವಿದ್ಯುತ್ತು ಒಳಗೆ ಬರುತ್ತದೆ. ಭಾರ ಇಳಿದರೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಮೋಟಾರು ತಿರುಗದೆ ಸ್ತಬ್ಧವಾಗಿ ನಿಂತರೆ? ಕಾವಲುಗಾರನಿಲ್ಲ. ಪಂಪಿನಂಥ ಮೋಟಾರಿನಲ್ಲಿ ಆಗ ಹರಿಯುವುದು ಸಾಮಾನ್ಯಕ್ಕಿಂತ ಐದರಿಂದ ಏಳು ಪಟ್ಟು. ಹೊರಡುವ ಗಳಿಗೆಯಲ್ಲಿ ಪ್ರತಿ ಸಲವೂ ಇಷ್ಟು ಹರಿಯುತ್ತದೆ. ಪಂಪು ಹಾಕಿದೊಡನೆ ದೀಪಗಳು ಒಮ್ಮೆ ಮಂಕಾಗುವುದು ಇದರಿಂದಲೇ. ಒಂದೆರಡು ಕ್ಷಣವಾದರೆ ಚಿಂತೆಯಿಲ್ಲ. ಆದರೆ ವಿದ್ಯುತ್ತು ಆರು ಪಟ್ಟಾದರೆ ತಂತಿಯ ಕಾವು ಆರು ಪಟ್ಟಲ್ಲ, ಮೂವತ್ತಾರು ಪಟ್ಟು. ನಿಮಿಷಗಳಲ್ಲಿ ಎನಾಮಲು ಕರಗಿ, ಸುತ್ತಿಗೆ ಸುತ್ತು ತಾಗಿ, ಮೋಟಾರು ಹೊಗೆಯಾಗುತ್ತದೆ. ಮೋಟಾರು ಸುಡುವುದು ದುಡಿದು ದುಡಿದೇ ಅಲ್ಲ. ದುಡಿಯಲಾಗದೆ ನಿಂತಾಗ ಇನ್ನೂ ಬೇಗ ಸುಡುತ್ತದೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಕಟ್ಟಡದವರು ಇದನ್ನು ಕಣ್ಣಾರೆ ಕಂಡೆವು. ಮುಂಜಾವ ಐದಕ್ಕೆ ಪಂಪು ಹಾಕಿದ ಕಾವಲಿನ ಹುಡುಗ, ಗುಂಯ್ ಎಂಬ ಸದ್ದು ಕೇಳಿದ್ದರಿಂದ ನಡೆಯುತ್ತಿದೆಯೆಂದು ತಿಳಿದು ಚಹಕ್ಕೆ ಹೋದ. ಒಳಗೆ ಪಂಪಿನ ಚಕ್ರಕ್ಕೆ ಏನೋ ಸಿಕ್ಕಿ ಬಿಗಿದುಕೊಂಡಿತ್ತು. ಹೀಗಾದಾಗ ವಿದ್ಯುತ್ತನ್ನು ಕಡಿಯಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಂಬ ಭಾಗವಿರುತ್ತದೆ. ಅದು “ಪದೇ ಪದೇ ಬೀಳುತ್ತದೆ” ಎಂದು ಹಿಂದೆ ಬಂದಿದ್ದ ರಿಪೇರಿಯವನೊಬ್ಬ ಅದಕ್ಕೆ ಅಡ್ಡ ತಂತಿ ಹಾಕಿ, ಉಪಕಾರ ಮಾಡಿದೆನೆಂಬಂತೆ ಹೋಗಿದ್ದ. ಐದೂಕಾಲಿಗೆ ಮೆಟ್ಟಿಲ ತುಂಬ ಸುಟ್ಟ ವಾರ್ನಿಶಿನ ನಾತ. ಎರಡು ದಿನ ಟ್ಯಾಂಕರಿನ ನೀರು; ಮೂರನೆಯ ಮಹಡಿಯ ಎಂಬತ್ತು ವರ್ಷದ ಅಜ್ಜಿಯೊಬ್ಬರು ಮೊಮ್ಮಗಳ ಕೈಹಿಡಿದು ಕೊಡಪಾನಕ್ಕಾಗಿ ಸಾಲಿನಲ್ಲಿ ನಿಂತಿದ್ದರು. ಆ ಹುಡುಗನನ್ನು ಬಯ್ಯದವರಿಲ್ಲ. ಗುಂಯ್ ಎಂಬುದಕ್ಕೂ ತಿರುಗುವುದಕ್ಕೂ ವ್ಯತ್ಯಾಸವಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಯ್ದವರಲ್ಲಿಯೂ ಅದು ಎಷ್ಟು ಜನಕ್ಕೆ ಗೊತ್ತಿತ್ತೋ!

ಆದುದರಿಂದ ಮೊದಲ ಸೂತ್ರ: ಯಾವ ಮೋಟಾರೇ ಆಗಲಿ, ಗುಂಯ್‌ಗುಟ್ಟು ತಿರುಗದಿದ್ದರೆ ಆ ಕ್ಷಣವೇ ಸ್ವಿಚ್ಚು ತೆಗೆಯಿರಿ. ಮಿಕ್ಸರಿನಲ್ಲಿ ಚಟ್ನಿ ಬಿಗಿದುಕೊಂಡು ಬ್ಲೇಡು ನಿಂತರೂ ಇದೇ ಸೂತ್ರ; ಅದರ ತಳದ ಕೆಂಪು ಗುಂಡಿ ಹೊರಬಂದರೆ ಅದು ಹಟವಲ್ಲ, ರಕ್ಷಣೆ. ಯಂತ್ರ ಆರುವವರೆಗೆ ಕಾದು ಅನಂತರ ಒತ್ತಿ. ಸೂರಿನ ಪಂಖದಂಥ ಸಣ್ಣ ಮೋಟಾರಿನಲ್ಲಿ ನಿಂತಾಗ ವಿದ್ಯುತ್ತು ಅಷ್ಟೊಂದು ಏರುವುದಿಲ್ಲವಾದರೂ, ಗಾಳಿಯಾಡದೆ ಅದೂ ಕಾಯುತ್ತದೆ.

ಇನ್ನು ಡೊಂಬಿವಲಿಯ ಸೋದರಿಯ ಪ್ರಶ್ನೆಗೆ ಉತ್ತರ. ಸ್ವಿಚ್ಚು ತೆಗೆದು, ಮೀಟರಿನ ಬಳಿಯ ಮೇನನ್ನೂ ತೆಗೆದು, ಕೋಲಿನಿಂದ ರೆಕ್ಕೆಯನ್ನು ಮೆಲ್ಲನೆ ತಳ್ಳಿ ನೋಡಲಿ. ಸರಾಗವಾಗಿ ನಾಲ್ಕಾರು ಸುತ್ತು ಬಂದು ನಿಂತರೆ ಬೇರಿಂಗು ಸರಿಯಿದೆ. ಗುಂಯ್‌ಗುಡುವುದರಿಂದ ಮುಖ್ಯ ವೈಂಡಿಂಗಿಗೂ ವಿದ್ಯುತ್ತು ಹೋಗುತ್ತಿದೆ. ಹಾಗಾದರೆ ಮೊದಲ ಅನುಮಾನ ಕೆಪ್ಯಾಸಿಟರಿನ ಮೇಲೆ. ಅದನ್ನು ಬದಲಿಸಿ ನೋಡುವುದು ಹೊಸ ವೈಂಡಿಂಗಿಗಿಂತ ಬಹಳ ಅಗ್ಗ. ಪಂಖ ತಿರುಗುತ್ತಿದ್ದರೂ ಮೊದಲಿಗಿಂತ ನಿಧಾನವಾಗಿದ್ದರೆ ಅದೇ ಅನುಮಾನ. ತಳ್ಳಿದಾಗ ಬಿಗಿಯೆನಿಸಿದರೆ, ಕರಕರ ಸದ್ದು ಬಂದರೆ ಬೇರಿಂಗು. ಸದ್ದೇ ಇಲ್ಲವಾದರೆ ಸ್ವಿಚ್ಚು, ರೆಗ್ಯುಲೇಟರು, ತಂತಿಯ ಜೋಡಣೆಗಳನ್ನು ಮೊದಲು ನೋಡಿಸಬೇಕು. ಸುಟ್ಟ ವಾರ್ನಿಶಿನ ವಾಸನೆಯೋ, ಹಾಕಿದೊಡನೆ ಫ್ಯೂಸು ಹೋಗುವುದೋ ಇದ್ದರೆ ಮಾತ್ರ ಕಾಯಿಲಿನ ಮಾತು. ಆಕೆ ರಿಪೇರಿಯವನನ್ನು ಜಗಳಕ್ಕೆ ಕರೆಯಬೇಕಾಗಿಲ್ಲ. “ಮೊದಲು ಕೆಪ್ಯಾಸಿಟರು ಬದಲಿಸಿ ನೋಡಪ್ಪ” ಎಂದರೆ ಸಾಕು. ಒಳಗೇನಿದೆಯೆಂದು ಬಲ್ಲ ಗಿರಾಕಿಯೆಂದು ಅವನಿಗೆ ತಿಳಿದುಹೋಗುತ್ತದೆ.

ಒಂದು ಎಚ್ಚರಿಕೆ. ಅನುಮಾನಿಸುವುದು ನಮ್ಮ ಕೆಲಸ, ಬಿಚ್ಚುವುದು ಬಲ್ಲವರ ಕೆಲಸ. ಕೆಪ್ಯಾಸಿಟರು ಸ್ವಿಚ್ಚು ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದುಕೊಂಡಿದ್ದು ಮುಟ್ಟಿದವರಿಗೆ ಹೊಡೆಯಬಲ್ಲದು. ಮಿಕ್ಸರು, ಗ್ರೈಂಡರು, ಒಗೆಯುವ ಯಂತ್ರ ಇವುಗಳಲ್ಲಿ ಮೂರು ಕಡ್ಡಿಯ ಪ್ಲಗ್ಗು ಬಂದಿದ್ದರೆ ದಪ್ಪ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ರಂಧ್ರಕ್ಕೆ ತುರುಕಬೇಡಿ. ಒಳಗಿನ ತಂತಿ ಮೈಗೆ ತಾಗಿದ ದಿನ ನಿಮ್ಮ ಬದಲು ಪೆಟ್ಟನ್ನು ನೆಲಕ್ಕೆ ಒಯ್ಯುವುದು ಆ ದಪ್ಪ ಕಡ್ಡಿ.

ಕೊನೆಯದಾಗಿ, ಹೊಸ ಪಂಖ ಕೊಳ್ಳುವವರಿಗೆ. ಅಂಗಡಿಯಲ್ಲಿ ಬಿಎಲ್‌ಡಿಸಿ ಎಂದು ಮಾರುವ ಪಂಖಗಳಲ್ಲಿ ರೋಟರಿಗೆ ನಿಜವಾದ ಅಯಸ್ಕಾಂತಗಳನ್ನೇ ಅಂಟಿಸಿರುತ್ತಾರೆ. ಕಮ್ಯುಟೇಟರಿನ ಕೆಲಸವನ್ನು, ಅಂದರೆ ಹೊತ್ತು ನೋಡಿ ವಿದ್ಯುತ್ತಿನ ದಿಕ್ಕು ತಿರುಗಿಸುವುದನ್ನು, ಬ್ರಶ್ಶಿಲ್ಲದೆ ಒಂದು ಎಲೆಕ್ಟ್ರಾನಿಕ್ ಹಲಗೆ ಮಾಡುತ್ತದೆ. ಹಳೆಯ ಪಂಖ 75 ವಾಟು ತಿನ್ನುವಲ್ಲಿ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಅರ್ಧ ಯುನಿಟ್ಟಿಗಿಂತ ತುಸು ಹೆಚ್ಚು, ತಿಂಗಳಿಗೆ 16 ಯುನಿಟ್ಟು ಉಳಿತಾಯ. ಆದರೆ ಹಲಗೆ ಕೆಟ್ಟರೆ ಕೆಪ್ಯಾಸಿಟರಿನಷ್ಟು ಅಗ್ಗದಲ್ಲಿ ಮುಗಿಯದು. ಗ್ಯಾರಂಟಿಯ ಕಾಗದವನ್ನು ಜೋಪಾನ ಮಾಡಿ.

ಮಕ್ಕಳು ಸೆಲ್ಲಿನ ಮೋಟಾರು ಮಾಡಿ, ಎಷ್ಟು ಹೊತ್ತು ತಿರುಗಿತು, ಅಯಸ್ಕಾಂತವನ್ನು ತಲೆಕೆಳಗು ಮಾಡಿದರೆ ಏನಾಯಿತು ಎಂದು ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಮೋಟಾರು ಕಾವನ್ನು ಹೊರಗೆ ಸಾಗಿಸುವ ಬಗೆ, ಅಂದರೆ ಫ್ರಿಜ್ಜಿನ ಒಳಗುಟ್ಟನ್ನು ನೋಡೋಣ.